ಮಂಗಳೂರಿನಲ್ಲಿ ಯಾವ ಶೂಟಿಂಗ್ ಗೇಮ್ ನಿಜವಾಗಿ ಓಡುತ್ತಿದೆ? ಪತ್ತೆ ಮಾಡುವುದು ಹೀಗೆ

ಮೊಬೈಲ್ ಅಂಗಡಿ ಇಟ್ಟವರು, ಕಾಲೇಜು ಫೆಸ್ಟಿಗೆ ಟೂರ್ನಮೆಂಟ್ ಮಾಡುವವರು, ಗೇಮಿಂಗ್ ಚಾನೆಲ್ ಶುರು ಮಾಡುವವರು, ಎಲ್ಲರ ಪ್ರಶ್ನೆಯೂ ಒಂದೇ: ಬಿಜಿಎಂಐ (ಪಬ್ಜಿ ಮೊಬೈಲಿನ ಭಾರತದ ಆವೃತ್ತಿ) ಹಿಡಿಯಬೇಕಾ, ಫ್ರೀ ಫೈರ್ ಮ್ಯಾಕ್ಸಾ, ಕಾಲ್ ಆಫ್ ಡ್ಯೂಟಿಯಾ?

ಮೊದಲು ಪ್ಲೇ ಸ್ಟೋರಿನ ಡೌನ್‌ಲೋಡ್ ಸಂಖ್ಯೆಯನ್ನು ಮರೆತುಬಿಡಿ. ಅದು ಗೇಮ್ ಬಂದ ದಿನದಿಂದ ಕೂಡುತ್ತಾ ಬಂದ ಲೆಕ್ಕ. ಇವತ್ತು ಹಾಕಿ ನಾಳೆ ತೆಗೆದವರೂ ಅದರಲ್ಲಿ ಉಂಟು. ಅದರ ಬದಲು ಗೇಮ್ಸ್ ವಿಭಾಗದ ಟಾಪ್ ಚಾರ್ಟ್ಸ್‌ಗೆ ಹೋಗಿ ಟಾಪ್ ಗ್ರಾಸಿಂಗ್ ನೋಡಿ. ಜನ ದುಡ್ಡು ಹಾಕುವ ಗೇಮ್ ಯಾವುದು ಅಂತ ಅಲ್ಲಿ ಗೊತ್ತಾಗುತ್ತದೆ. ಆದರೆ ಅದು ಇಡೀ ದೇಶದ ಪಟ್ಟಿ, ಮಂಗಳೂರಿನದ್ದಲ್ಲ.

ಸ್ವಲ್ಪ ಹತ್ತಿರ ಬರಬೇಕಾದರೆ ಗೂಗಲ್ ಟ್ರೆಂಡ್ಸ್ ತೆರೆದು ಕರ್ನಾಟಕ ಅಂತ ಆರಿಸಿ, ಎರಡು ಮೂರು ಗೇಮ್‌ಗಳನ್ನು ಒಟ್ಟಿಗೆ ಹಾಕಿ ನೋಡಿ. ಅಲ್ಲಿ ಕಾಣುವ 0ರಿಂದ 100ರ ಅಂಕೆ ಜನರ ಸಂಖ್ಯೆಯಲ್ಲ, ಯಾವುದನ್ನು ಎಷ್ಟು ಹುಡುಕಿದ್ದಾರೆ ಅನ್ನುವ ಹೋಲಿಕೆ ಮಾತ್ರ. 'ಪಬ್ಜಿ' ಅಂತಲೂ ಹಾಕಿ, ಬಿಜಿಎಂಐಯನ್ನು ಈಗಲೂ ಹಾಗೇ ಕರೆಯುವವರು ಬೇಕಾದಷ್ಟು ಜನ ಇದ್ದಾರೆ ಅಲ್ವಾ.

ಗ್ರಾಫ್ ಓದುವಾಗ ನಿಷೇಧದ ತಾರೀಕುಗಳು ಪಕ್ಕದಲ್ಲೇ ಇರಲಿ. ಪಬ್ಜಿ ಮೊಬೈಲ್ 2020ರ ಸೆಪ್ಟೆಂಬರ್ 2ರಂದು ನಿಷೇಧವಾಯಿತು. ಬಿಜಿಎಂಐ 2021ರ ಜುಲೈಯಲ್ಲಿ ಬಂತು, 2022ರ ಜುಲೈ ಕೊನೆಯಲ್ಲಿ ಸ್ಟೋರ್‌ಗಳಿಂದ ಮಾಯವಾಯಿತು, 2023ರ ಮೇಯಲ್ಲಿ ಮತ್ತೆ ಬಂತು. ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ನಿಷೇಧವಾದರೂ ಅದರದ್ದೇ ಇನ್ನೊಂದು ಆವೃತ್ತಿ ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. ಇದು ಗೊತ್ತಿಲ್ಲದೆ ಗ್ರಾಫ್ ನೋಡಿದರೆ ಸರ್ಕಾರ ಬಾಗಿಲು ಹಾಕಿದ್ದನ್ನೇ ಜನರಿಗೆ ಬೇಸರ ಬಂತು ಅಂತ ತಿಳಿದುಕೊಳ್ಳುತ್ತೀರಿ.

ಇನ್ನು ನಿಜವಾದ ಕೆಲಸ, ಅದಕ್ಕೆ ನೀವೇ ಹೊರಗೆ ಹೋಗಬೇಕು ಮಾರಾಯ್ರೆ. ಹಂಪನಕಟ್ಟೆಯ ಒಂದು ಮೊಬೈಲ್ ಅಂಗಡಿ, ದೇರಳಕಟ್ಟೆಯ ಒಂದು ಪಿಜಿ, ಸುರತ್ಕಲ್ ಕಡೆಯ ಒಂದು ಹಾಸ್ಟೆಲ್, ಸಾಧ್ಯವಾದರೆ ಮಣಿಪಾಲವೂ ಇರಲಿ. ಒಂದೇ ಜಾಗದಲ್ಲಿ ಕೇಳಿದರೆ ಒಂದೇ ಗೆಳೆಯರ ಗುಂಪಿನ ಉತ್ತರ ಸಿಗುತ್ತದೆ, ಯಾಕಂದರೆ ಸ್ಕ್ವಾಡ್ (ಒಟ್ಟಿಗೆ ಆಡುವ ತಂಡ) ಯಾವುದು ಆಡುತ್ತದೋ ಅದನ್ನೇ ಎಲ್ಲರೂ ಆಡುತ್ತಾರೆ. 'ಯಾವ ಗೇಮ್ ಆಡ್ತೀಯಾ' ಅಂತ ಸುಮ್ನೆ ಕೇಳಬೇಡಿ, ಹೆಸರು ಇರುವ ಗೇಮನ್ನೇ ಹೇಳುತ್ತಾರೆ. ಒಪ್ಪಿದವರ ಫೋನಿನಲ್ಲಿ ಸೆಟ್ಟಿಂಗ್ಸ್ ಒಳಗಿನ ಡಿಜಿಟಲ್ ವೆಲ್‌ಬೀಯಿಂಗ್ ತೆರೆಸಿ, ಯಾವ ಆ್ಯಪಿಗೆ ಎಷ್ಟು ಹೊತ್ತು ಹೋಯಿತು ಅಂತ ಅಲ್ಲಿ ಕಾಣುತ್ತದೆ. ಬಾಯಲ್ಲಿ ಬಿಜಿಎಂಐ ಅಂದವರ ಫೋನಿನಲ್ಲಿ ಫ್ರೀ ಫೈರ್ ಮ್ಯಾಕ್ಸಿನ ಗಂಟೆಗಳೇ ಜಾಸ್ತಿ ಇರಬಹುದು. ಆಮೇಲೆ ಗೇಮ್ ಒಳಗಿನ ನಾಣ್ಯಗಳಾದ ಯುಸಿಗೋ ಡೈಮಂಡ್‌ಗೋ ಕೊನೆಯ ಸಲ ದುಡ್ಡು ಹಾಕಿದ್ದು ಯಾವಾಗ ಅಂತ ಕೇಳಿ. ನೆನಪಿಲ್ಲ ಅಂದರೆ ಪ್ಲೇ ಸ್ಟೋರಿನ ಪೇಮೆಂಟ್ಸ್ ವಿಭಾಗದಲ್ಲಿ ಅದರ ಮೂಲಕ ಮಾಡಿದ ಹಳೆಯ ಖರೀದಿಗಳು ಇರುತ್ತವೆ. ಫೋನಿನ ಮಾಡೆಲ್ ಮತ್ತು ರ್‍ಯಾಮ್ ಎಷ್ಟು ಅಂತಲೂ ಬರೆದುಕೊಳ್ಳಿ, ಕಡಿಮೆ ರ್‍ಯಾಮಿನ ಫೋನಿನವರಿಗೆ ಆಯ್ಕೆ ಬಹಳ ಇರುವುದಿಲ್ಲ.

ಗಂಟೆ ಮತ್ತು ದುಡ್ಡು, ಈ ಎರಡು ಕಾಲಂ ಯಾವತ್ತೂ ಬೇರೆ ಬೇರೆ ಇರಲಿ. ಗಂಟೆ ಜಾಸ್ತಿ ಇರುವ ಗೇಮಿಗೆ ಟೂರ್ನಮೆಂಟ್ ಮಾಡಿದರೆ ಜನ ಬರುತ್ತಾರೆ. ರೀಚಾರ್ಜ್, ಗಿಫ್ಟ್ ಕಾರ್ಡ್ ಮಾರುವವರಿಗೆ ಬೇಕಾದದ್ದು ಎರಡನೆಯ ಕಾಲಂ. ನನ್ನ ಪ್ರಕಾರ ನಮ್ಮ ಕಡೆ ಹೆಚ್ಚಿನವರು ಎಡವುವುದು ಇಲ್ಲೇ.

ದಿನವನ್ನೂ ನೋಡಿ ಆರಿಸಿ. ಮಾರ್ಚಿನ ಪರೀಕ್ಷೆ, ಬೇಸಿಗೆ ರಜೆ, ಜುಲೈಯಲ್ಲಿ ಡಿಸಿ ಮಳೆ ರಜೆ ಕೊಟ್ಟ ದಿನ, ಇವನ್ನೆಲ್ಲ ಮಾಮೂಲಿ ವಾರದ ಜೊತೆ ಸೇರಿಸಬೇಡಿ. ಹೊಸ ಅಪ್‌ಡೇಟ್ ಬಂದ ವಾರವೂ ಹಾಗೇ.

ಲೆಕ್ಕ ಮುಗಿಸಿ ಟೂರ್ನಮೆಂಟಿಗೆ ಇಳಿಯುವವರಿಗೆ ಒಂದು ಮಾತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು ನಿಷೇಧಿಸುತ್ತದೆ, ಇ-ಸ್ಪೋರ್ಟ್ಸನ್ನು ಬೇರೆಯಾಗಿ ನೋಡುತ್ತದೆ. ಎಂಟ್ರಿ ಫೀ ತೆಗೆದುಕೊಂಡು ಅದನ್ನೇ ಬಹುಮಾನವಾಗಿ ಹಂಚುವ ಯೋಚನೆ ಇದ್ದರೆ, ಪೋಸ್ಟರ್ ಅಂಟಿಸುವ ಮೊದಲು ಒಬ್ಬ ವಕೀಲರನ್ನು ಕೇಳಿ.