ಬಂಧ ಎಷ್ಟು ಅಯಾನಿಕ? ಲೆಕ್ಕ ಹಾಕೋದು ಹೀಗೆ

ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟುಬಿಟ್ಟರೆ ಅಯಾನಿಕ ಬಂಧ. ಎರಡು ಕ್ಲೋರಿನ್ ಪರಮಾಣುಗಳು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡರೆ ಸಹವೇಲೆನ್ಸಿ ಬಂಧ. ಶಾಲೆಯಲ್ಲಿ ಕಲಿತದ್ದು ಇಷ್ಟೇ ಅಲ್ವಾ? ಆದರೆ ಬೇರೆ ಬೇರೆ ಧಾತುಗಳು ಸೇರಿದಾಗ ಬಂಧ ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಹಾಗಾಗಿ ‘ಯಾವುದು’ ಎಂದು ಕೇಳುವುದಕ್ಕಿಂತ ‘ಎಷ್ಟು’ ಎಂದು ಕೇಳಿ.

ಮೊದಲು ಎರಡೂ ಪರಮಾಣುಗಳ ವಿದ್ಯುತ್ ಋಣತೆ ನೋಡಿ. ಬಂಧದ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಳ್ಳುವ ತಾಕತ್ತಿನ ಅಳತೆ ಅದು. ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ 1932ರಲ್ಲಿ ಕೊಟ್ಟ ಮಾಪನವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಈಗಿನ ಪಟ್ಟಿಯಲ್ಲಿ ಫ್ಲೋರಿನ್ 3.98, ಕ್ಲೋರಿನ್ 3.16, ಹೈಡ್ರೋಜನ್ 2.20, ಸೋಡಿಯಂ 0.93.

ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಕ್ಲೋರಿನ್-ಕ್ಲೋರಿನ್ ನಡುವೆ ಸೊನ್ನೆ, ಅಂದರೆ ಹಂಚಿಕೆ ಸರಿಸಮ. ಹೈಡ್ರೋಜನ್ ಕ್ಲೋರೈಡಿಗೆ 0.96. ಸೋಡಿಯಂ ಕ್ಲೋರೈಡಿಗೆ 2.23. ವ್ಯತ್ಯಾಸ 1.7 ದಾಟಿದರೆ ಅಯಾನಿಕ ಗುಣ ಅರ್ಧಕ್ಕಿಂತ ಜಾಸ್ತಿ ಎನ್ನುವುದು ರೂಢಿಯ ಲೆಕ್ಕ.

ಇಲ್ಲೇ ಎಷ್ಟೋ ಜನ ಎಡವುತ್ತಾರೆ. ಹೈಡ್ರೋಜನ್ ಫ್ಲೋರೈಡಿನ ವ್ಯತ್ಯಾಸ 1.78. ಹಾಗಾದರೆ ಅದು ಅಯಾನಿಕವೇ? ಅಲ್ಲ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ, ಬಿಡಿ ಬಿಡಿ ಅಣುಗಳ ವಸ್ತು ಅದು. 1.7 ಎನ್ನುವುದು ಸುಮ್ನೆ ಒಂದು ಗುರುತು, ಗೋಡೆಯಲ್ಲ.

ಅನುಮಾನ ಬಂದರೆ ಅಳತೆಗೆ ಹೋಗಿ. ಅಣುವಿನ ಎರಡು ತುದಿಗಳಲ್ಲಿ ವಿದ್ಯುತ್ ಆವೇಶ ಎಷ್ಟು ಬೇರ್ಪಟ್ಟಿದೆ ಎಂದು ಡೈಪೋಲ್ ಮೊಮೆಂಟ್ ಹೇಳುತ್ತದೆ. ಹೈಡ್ರೋಜನ್ ಕ್ಲೋರೈಡಿನಲ್ಲಿ ಒಂದು ಎಲೆಕ್ಟ್ರಾನ್ ಪೂರ್ತಿ ಆಚೆಗೆ ಹೋಗಿದ್ದರೆ ಅದು 6.1 ಡಿಬೈ (ಈ ಅಳತೆಯ ಮಾನ) ಇರಬೇಕಿತ್ತು. ಅಳೆದರೆ ಸಿಗುವುದು 1.08. ಭಾಗಿಸಿದರೆ ಅಯಾನಿಕ ಗುಣ ಸುಮಾರು ಶೇ 18. ಇದೇ ಲೆಕ್ಕದಲ್ಲಿ ಹೈಡ್ರೋಜನ್ ಫ್ಲೋರೈಡಿಗೆ ಶೇ 41 ಬರುತ್ತದೆ.

ಕೊನೆಗೆ ಅಯಾನುಗಳ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಇಲ್ಲವೇ ಪಡೆದುಕೊಂಡ ಪರಮಾಣುಗಳ, ಗಾತ್ರ ನೋಡಿ. ಈ ಸೂತ್ರ 1923ರಲ್ಲಿ ರಸಾಯನ ವಿಜ್ಞಾನಿ ಕಾಸಿಮಿರ್ ಫಾಯನ್ಸ್ ಕೊಟ್ಟದ್ದು. ನನಗಂತೂ ಇದೇ ಹೆಚ್ಚು ಇಷ್ಟ, ಏಕೆಂದರೆ ಕಣ್ಣಿಗೆ ಚಿತ್ರ ಕಟ್ಟುತ್ತದೆ. ಧನ ಅಯಾನು ಪುಟ್ಟದಾಗಿದ್ದು ಆವೇಶ ಜಾಸ್ತಿಯಿದ್ದರೆ, ಪಕ್ಕದ ಋಣ ಅಯಾನಿನ ಎಲೆಕ್ಟ್ರಾನ್ ಮೋಡವನ್ನು ತನ್ನತ್ತ ಜಗ್ಗುತ್ತದೆ. ಮೋಡ ವಾಲಿದಷ್ಟೂ ಸಹವೇಲೆನ್ಸಿ ಗುಣ ಏರುತ್ತದೆ. ಅದರ ಗುರುತು ಶಾಖದಲ್ಲಿ ಕಾಣುತ್ತದೆ: ಸೋಡಿಯಂ ಕ್ಲೋರೈಡ್ ಕಾದು ದ್ರವವಾಗಲು 801 ಡಿಗ್ರಿ ಬೇಕು. ಮೂರು ಧನ ಆವೇಶದ ಪುಟ್ಟ ಅಲ್ಯೂಮಿನಿಯಂ ಇರುವ ಕ್ಲೋರೈಡ್ ಸುಮಾರು 180 ಡಿಗ್ರಿಗೇ ಆವಿಯಾಗಿಬಿಡುತ್ತದೆ.

ಋಣ ಅಯಾನು ದೊಡ್ಡದಾದರೂ ಹೀಗೆಯೇ, ಅದರ ಮೋಡ ಸಡಿಲ. ಅದಕ್ಕೇ ಪುಟ್ಟ ಋಣ ಅಯಾನಿನ, ಹೆಚ್ಚು ಅಯಾನಿಕವಾದ ಸಿಲ್ವರ್ ಫ್ಲೋರೈಡ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ದೊಡ್ಡ ಋಣ ಅಯಾನಿನ, ಸಹವೇಲೆನ್ಸಿ ಗುಣ ಜಾಸ್ತಿಯಿರುವ ಸಿಲ್ವರ್ ಅಯೋಡೈಡ್ ಹಳದಿ ಪುಡಿಯಾಗಿ ತಳದಲ್ಲೇ ಕೂರುತ್ತದೆ.