ಮಲ್ಪೆಯ ಕರೆಂಟ್ ಬಿಲ್ಲಿನಲ್ಲಿ ಸಿಕ್ಕಿದ ವ್ಯಾಪಾರ

ಕರಾವಳಿಯಲ್ಲಿ ಕೋಡ್ ಬರೆಯಲು ಬರುವ ಯಾರಿಗಾದರೂ ಮೊದಲು ಹೊಳೆಯುವುದು ಮೀನಿನ ದರ ತೋರಿಸುವ ಆ್ಯಪ್. ನನಗೂ ಹೊಳೆದಿತ್ತು. ಉಡುಪಿ ಪಕ್ಕದ ಮಲ್ಪೆ ಬಂದರಿನಲ್ಲಿ, ಬೋಟಿನಿಂದ ಮೀನು ಇಳಿಸುವ ದಕ್ಕೆಯಲ್ಲಿ, ಕೆಲವು ಬೆಳಗು ನಿಂತು ನೋಡಿ ಅದನ್ನು ಅಲ್ಲಿಗೇ ಬಿಟ್ಟೆ. ಫೋನ್ ಜೇಬಿನಿಂದ ತೆಗೆಯುವಷ್ಟರಲ್ಲಿ ಒಂದು ರಾಶಿಯ ಏಲಂ ಮುಗಿದಿರುತ್ತದೆ. ಬೋಟಿಗೆ ಮುಂಗಡ ಕೊಟ್ಟವರಿಗೇ ಮೀನು ಹೋಗುವುದಾದರೆ ಬೇರೆ ಕಡೆಯ ದರ ಗೊತ್ತಾಗಿ ಏನು ಪ್ರಯೋಜನ? ಉಳಿದ ಕೆಲಸವನ್ನು ಸಾದಾ ಮೊಬೈಲ್ ಯಾವತ್ತೋ ಮಾಡಿ ಮುಗಿಸಿದೆ. ಕೇರಳದ ಬೂತಾಯಿ ಮೀನುಗಾರರ ಕೈಗೆ 1997ರಿಂದ 2001ರ ನಡುವೆ ಫೋನ್ ಬಂದಾಗ, ಒಂದು ತೀರಕ್ಕೂ ಇನ್ನೊಂದಕ್ಕೂ ಇದ್ದ ದರದ ಅಂತರ ಹೇಗೆ ಕುಸಿಯಿತೆಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಲೆಕ್ಕಸಮೇತ ತೋರಿಸಿದ್ದಾರೆ. ಅಲ್ಲಿ ಆ್ಯಪ್ ಇರಲಿಲ್ಲ, ಫೋನಿನಲ್ಲಿ ಬರೀ ಮಾತುಕತೆ.

ದಕ್ಕೆಯಲ್ಲಿ ನನ್ನ ಗಮನ ಸೆಳೆದದ್ದು ಐಸ್. ಆಳಸಮುದ್ರಕ್ಕೆ ಹೋಗುವ ಬೋಟು ಡೀಸೆಲ್ ಇಲ್ಲದೆ ಹೇಗೆ ಹೊರಡುವುದಿಲ್ಲವೋ ಐಸ್ ಇಲ್ಲದೆಯೂ ಹೊರಡುವುದಿಲ್ಲ. ಪರಿಚಯದವರೊಬ್ಬರ ಐಸ್ ಪ್ಲಾಂಟಿಗೆ ಹೋದೆ.

"ಎಂತ ಮಾರಾಯ, ಮೆಷಿನ್ ಮಾರ್ಲಿಕ್ಕೆ ಬಂದದ್ದಾ?"

"ಇಲ್ಲ ಧನಿ, ಒಮ್ಮೆ ಕರೆಂಟ್ ಬಿಲ್ ನೋಡ್ಲಿಕ್ಕೆ."

ಅವರು ನಕ್ಕು ಇಡೀ ಫೈಲನ್ನೇ ಕೊಟ್ಟರು.

ಆ ಫೈಲಿನಲ್ಲಿ ನನ್ನ ವ್ಯಾಪಾರ ಇತ್ತು. ದೊಡ್ಡ ಪ್ಲಾಂಟುಗಳ ಮೆಸ್ಕಾಂ ಬಿಲ್ಲಿನಲ್ಲಿ ಬಳಸಿದ ಯೂನಿಟ್ಟಿನ ಹಣ ಒಂದು ಭಾಗ ಮಾತ್ರ. ಒಮ್ಮೆಲೇ ಎಷ್ಟು ಕರೆಂಟ್ ಎಳೆಯಬಹುದೆಂದು ಒಪ್ಪಂದ ಮಾಡಿಕೊಂಡ ಬೇಡಿಕೆಗೆ, ಅಂದರೆ ಡಿಮ್ಯಾಂಡಿಗೆ, ಬೇರೆಯೇ ಶುಲ್ಕ. ಬಳಸದಿದ್ದರೂ ಅದರ ಬಹುಪಾಲು ಕಟ್ಟಬೇಕು. ಮೀರಿದರೆ ಮೀರಿದ್ದಕ್ಕೆ ದುಪ್ಪಟ್ಟು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಐಸಿಗೆ ಗಿರಾಕಿ ಕಡಿಮೆ. ಡಿಮ್ಯಾಂಡ್ ಶುಲ್ಕಕ್ಕೆ ಮಾತ್ರ ರಜೆ ಇಲ್ಲ. ಮೀಟರು ಕೆಲವೇ ನಿಮಿಷಗಳ ಸರಾಸರಿ ಹಿಡಿದು ತಿಂಗಳ ಗರಿಷ್ಠವನ್ನು ಬರೆದಿಡುತ್ತದೆ. ಎರಡು ಕಂಪ್ರೆಸರ್, ಪಂಪು, ಐಸ್ ಕ್ರಷರ್ ಎಲ್ಲ ಒಂದು ಬೆಳಿಗ್ಗೆ ಸ್ವಲ್ಪ ಹೊತ್ತು ಒಟ್ಟಿಗೆ ಓಡಿದರೂ ಇಡೀ ತಿಂಗಳ ಬಿಲ್ಲು ಅದನ್ನು ನೆನಪಿಟ್ಟುಕೊಳ್ಳುತ್ತದೆ.

ಇನ್ನೊಂದು ಸೋರಿಕೆ ಟ್ಯಾಂಕಿನಲ್ಲಿ. ನೀರು ತುಂಬಿದ ಲೋಹದ ಕ್ಯಾನುಗಳನ್ನು ಉಪ್ಪುನೀರಿನ ಟ್ಯಾಂಕಿನಲ್ಲಿ ಮುಳುಗಿಸಿಡುತ್ತಾರೆ, ಆ ಉಪ್ಪುನೀರನ್ನು ಅಮೋನಿಯಾ ತಂಪು ಮಾಡುತ್ತದೆ. ಸುಮಾರು ಮೈನಸ್ 10 ಡಿಗ್ರಿ ಇದ್ದರೆ ಕೆಲಸ ನಡೆಯುತ್ತದೆ. ಆದರೆ ರಾತ್ರಿ ಪಾಳಿಯ ಆಪರೇಟರಿಗೆ ಬೆಳಿಗ್ಗೆ ಗಡ್ಡೆ ಆಗಿರಲಿಲ್ಲ ಎಂದು ಬೈಸಿಕೊಳ್ಳುವ ಭಯ. ಹಾಗಾಗಿ ಇನ್ನಷ್ಟು ಕೆಳಗಿಳಿಸುತ್ತಾನೆ. ಅಮೋನಿಯಾ ಆವಿಯಾಗುವ ಉಷ್ಣತೆ ಒಂದೊಂದು ಡಿಗ್ರಿ ಇಳಿದಾಗಲೂ ಅಷ್ಟೇ ತಂಪಿಗೆ ಶೇ 2ರಿಂದ 4ರಷ್ಟು ಹೆಚ್ಚು ಕರೆಂಟು ಬೇಕು. ಅವನದ್ದು ತಪ್ಪೆಂದು ನಾನು ಹೇಳಲಾರೆ. ಬಿಲ್ಲು ಅವನು ನೋಡುವುದಿಲ್ಲ, ಬೈಗುಳ ಮಾತ್ರ ಕೇಳುತ್ತಾನೆ.

ನಾನು ಮಾಡಿದ್ದು ದೊಡ್ಡದೇನಲ್ಲ. ಟ್ಯಾಂಕಿಗೆ ಉಷ್ಣತೆಯ ಸೆನ್ಸರ್, ಮೇನ್ ಲೈನಿಗೆ ಕರೆಂಟ್ ಅಳೆಯುವ ಸಿಟಿ ಕಾಯಿಲ್, ಒಂದು ಸಿಮ್ ಕಾರ್ಡು. ಡಿಮ್ಯಾಂಡ್ ಮಿತಿಗೆ ಹತ್ತಿರ ಬಂದರೆ ಗೋಡೆಯ ಮೇಲೆ ಕೆಂಪು ದೀಪ, ಧನಿಗಳಿಗೆ ಫೋನ್ ರಿಂಗ್. ಆಪರೇಟರುಗಳಲ್ಲಿ ಒಡಿಶಾದವರಿದ್ದಾರೆ, ಜಾರ್ಖಂಡಿನವರಿದ್ದಾರೆ. ದೀಪಕ್ಕೆ ಭಾಷೆ ಬೇಕಿಲ್ಲ. ಗ್ರಾಫು, ಡ್ಯಾಶ್‌ಬೋರ್ಡು ನನ್ನ ಲ್ಯಾಪ್‌ಟಾಪಿನಲ್ಲೇ ಇವೆ, ಯಾರೂ ಕೇಳಿಲ್ಲ.

ಕಷ್ಟವೆಲ್ಲ ಇವನ್ನು ಕೂರಿಸಿದ ಪೆಟ್ಟಿಗೆಯದ್ದು. ಅಮೋನಿಯಾಗೆ ತೇವ ಸೇರಿದರೆ ತಾಮ್ರ, ಹಿತ್ತಾಳೆ ಎರಡನ್ನೂ ತಿನ್ನುತ್ತದೆ. ಅದಕ್ಕೇ ಐಸ್ ಪ್ಲಾಂಟಿನ ಪೈಪುಗಳು ಉಕ್ಕಿನವು. ಸರ್ಕ್ಯೂಟ್ ಬೋರ್ಡಿನಲ್ಲೋ ತಾಮ್ರವಲ್ಲದೆ ಬೇರೇನಿದೆ? ಮೇಲಿಂದ ಕಡಲ ಉಪ್ಪುಗಾಳಿ. ಬೋರ್ಡನ್ನು ಎಪಾಕ್ಸಿಯಲ್ಲಿ ಮುಳುಗಿಸಿ, ಸೆನ್ಸರನ್ನು ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯಲ್ಲಿ ಹಾಕಿ, ವಯರು ಒಳಹೋಗುವ ಕಡೆಯ ಹಿತ್ತಾಳೆಯ ಗ್ಲಾಂಡ್ ಎಲ್ಲ ಕಿತ್ತು ನೈಲಾನಿನದ್ದು ಕೂರಿಸಿದೆ. ಆಮೇಲೆ ಸಿಡಿಲು. ಮಳೆಗಾಲಕ್ಕೆ ಮೊದಲು, ಮುಗಿಯುವ ಹೊತ್ತಿಗೆ ಬರುವ ಸಂಜೆ ಸಿಡಿಲು ಇಲ್ಲಿನವರಿಗೆ ಗೊತ್ತೇ ಇದೆ. ನಮ್ಮ ಮುರಕಲ್ಲು ಮಣ್ಣು ಒಣಗಿದಾಗ ಅರ್ತಿಂಗ್ ಸರಿ ಕೂರುವುದಿಲ್ಲ. ಹೊಂಡ ಆಳವಾಗಿ ತೆಗೆದು ಇದ್ದಿಲು, ಉಪ್ಪು ಹಾಕಿ ನೀರು ಬಿಡುತ್ತಿರಬೇಕು. ಈಗ ಅರ್ತಿಂಗ್ ಪರೀಕ್ಷೆ ಮಾಡದೆ ನಾನು ಪೆಟ್ಟಿಗೆ ತೂಗುಹಾಕುವುದೇ ಇಲ್ಲ. ಸಿಲಿಕಾನ್ ಬೀಚ್ ಎಂದು ನಮ್ಮೂರನ್ನು ಕರೆಯುವ ಸಭೆಗಳಿಗೆ ನಾನೂ ಹೋಗುತ್ತೇನೆ, ಒಳ್ಳೆಯ ಜನ ಸಿಗುತ್ತಾರೆ. ಅರ್ತಿಂಗ್ ಬಗ್ಗೆ ಮಾತ್ರ ಅಲ್ಲಿ ಯಾರೂ ಮಾತಾಡಿದ್ದು ಕೇಳಿಲ್ಲ.

ಹಣದ ವಿಷಯಕ್ಕೆ ಬಂದರೆ, ಪೆಟ್ಟಿಗೆಯನ್ನು ನಾನು ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತೇನೆ. ಸ್ವಲ್ಪ ಸ್ವಲ್ಪವಾಗಿ ಹಣ ಒಟ್ಟುಮಾಡುವುದನ್ನು ಉಡುಪಿಯವನಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಇಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಶುರುಮಾಡಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಂದ ಹಣ ಒಟ್ಟುಮಾಡಿತ್ತು. ನನ್ನ ಬಾಡಿಗೆ ಆಗಸ್ಟಿನಿಂದ ಮೇ ತನಕ. ಜೂನ್, ಜುಲೈಗೆ ಇಲ್ಲ. ಆ ಎರಡು ತಿಂಗಳು ನನ್ನ ಹುಡುಗರು ಪೆಟ್ಟಿಗೆಗಳನ್ನು ಬಿಚ್ಚಿ ರಿಪೇರಿ ಮಾಡುತ್ತಾರೆ. ಬೋಟು ನಿಂತಾಗ ಹಣ ಕೇಳಲು ಹೋಗುವವನನ್ನು ದಕ್ಕೆಯಲ್ಲಿ ಯಾರೂ ಎರಡನೇ ವರ್ಷ ಒಳಗೆ ಬಿಡುವುದಿಲ್ಲ. ಮೊದಲ ಪ್ಲಾಂಟಿಗೆ ಮಾತ್ರ ಒಂದು ಸೀಸನ್ ಬಿಟ್ಟಿ ಕೊಟ್ಟೆ. ಉಳಿದವರು ನನ್ನ ಬಳಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ನೇರ ಆ ಮೊದಲ ಧನಿಗಳಿಗೇ ಫೋನ್ ಮಾಡಿ ವಿಚಾರಿಸಿದರು.

ಈಗ ಅದೇ ಪೆಟ್ಟಿಗೆಯನ್ನು ಕಾರ್ಕಳದ ಒಂದು ಗೇರುಬೀಜ ಕಾರ್ಖಾನೆಯ ಬೋರ್ಮಾಕ್ಕೆ ಕೂರಿಸಿದ್ದೇನೆ. ಒಳಗಿನ ತೆಳು ಸಿಪ್ಪೆ ಸುಲಿಯುವ ಮೊದಲು ಬೀಜವನ್ನು ಸುಮಾರು 70 ಡಿಗ್ರಿ ಬಿಸಿಗಾಳಿಯಲ್ಲಿ ಒಣಗಿಸುವ ಕೋಣೆ ಅದು. ತೇವ ಶೇ 5ಕ್ಕಿಂತ ಕೆಳಗಿಳಿಯದಿದ್ದರೆ ಸಿಪ್ಪೆ ಬಿಡುವುದಿಲ್ಲ, ಹೆಚ್ಚು ಒಣಗಿದರೆ ಬೀಜ ಒಡೆಯುತ್ತದೆ. ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಬೀಜ. ಅದೇ ಬೀಜ ಹೋಳಾದ ಕ್ಷಣ ಬೆಲೆ ಬೇರೆ. ಎಷ್ಟು ಇಡಿ, ಎಷ್ಟು ಹೋಳು ಎಂದು ಗ್ರೇಡಿಂಗ್ ಹಾಲಿನ ಪುಸ್ತಕದಲ್ಲಿ ದಿನವೂ ಬರೆದಿಡುತ್ತಾರೆ, ಹಾಗಾಗಿ ನಷ್ಟದ ಲೆಕ್ಕ ನಾನು ಹೇಳಿಕೊಡಬೇಕಾಗಿಲ್ಲ. ತೊಡಕು ಇನ್ನೊಂದು: ಬೋರ್ಮಾದ ಮೇಲಿನ ಟ್ರೇಗೂ ಕೆಳಗಿನದ್ದಕ್ಕೂ ಬಿಸಿ ಒಂದೇ ಅಲ್ಲ. ಕೆಲಸದ ಹೆಂಗಸರು ಬೀಜ ಮುಟ್ಟಿ ನೋಡಿ ಟ್ರೇ ಅದಲುಬದಲು ಮಾಡುತ್ತಾರೆ. ಅವರು ಬದಲಿಸಿದ ಹೊತ್ತನ್ನು ಗುರುತು ಹಾಕಿಕೊಂಡು ನನ್ನ ಸೆನ್ಸರಿನ ಓದಿನ ಪಕ್ಕ ಇಟ್ಟು ನೋಡುತ್ತಿದ್ದೇನೆ. ಎರಡೂ ತಾಳೆಯಾದ ಮೇಲೆ ಬಾಡಿಗೆಯ ಮಾತು, ಅದೂ ಕಾರ್ಖಾನೆಯವರು ಕೇಳಿದ ಹಾಗೆ ಕಿಲೋ ಲೆಕ್ಕದಲ್ಲಿ.