ಪಲ್ಪರ್ ನೀರಿಗೆ ಅಳತೆ ಹಾಕಿದ ಕಥೆ

ಮೂಡಿಗೆರೆ ಕಡೆಯವರಿಗೆ ಪಲ್ಪಿಂಗ್ ನೀರಿನ ವಾಸನೆ ಹೇಗಿರುತ್ತದೆ ಅಂತ ಹೇಳಿಕೊಡಬೇಕಾಗಿಲ್ಲ. ಪಲ್ಪಿಂಗ್ ಅಂದರೆ ನೀರು ಬಿಟ್ಟುಕೊಂಡು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವುದು, ಸುಲಿಯುವ ಯಂತ್ರ ಪಲ್ಪರ್. ನಾನು ಚಿಕ್ಕವನಿದ್ದಾಗ ಹಣ್ಣು ಕುಯ್ಲು ಜೋರಾಯಿತೆಂದರೆ ನಮ್ಮನೆ ಕೆಳಗಿನ ಹಳ್ಳ ಕಂದು ತಿರುಗಿ ಹುಳಿನಾತ ಹೊಡೆಯುತ್ತಿತ್ತು. ದನಗಳು ಮೂತಿ ಇಟ್ಟು ಹಿಂದೆ ಸರಿಯುತ್ತಿದ್ದವು. ಅದೇ ನಾತ ಮತ್ತೆ ಸಿಕ್ಕಿದ್ದು 2011ರ ಆಗಸ್ಟಿನಲ್ಲಿ, ತಾಂಜಾನಿಯಾದ ಮೋಶಿ ಪಟ್ಟಣದಿಂದ ಮೇಲೆ, ಕಿಲಿಮಂಜಾರೋ ತಪ್ಪಲಿನ ಒಂದು ಕಾಫಿ ಎಸ್ಟೇಟಿನಲ್ಲಿ. ಪಲ್ಪರ್ ಮನೆ ನೋಡಿಕೊಳ್ಳುವ ಕೆಲಸಕ್ಕೆ ಹೋಗಿದ್ದೆ. ಜೀಪಿನಿಂದ ಇಳಿಯುವ ಮೊದಲೇ ಮೂಗಿಗೆ ಊರು ಬಂತು.

ಊರಿನ ನಂಟು ಅಷ್ಟಕ್ಕೇ ಮುಗಿಯಲಿಲ್ಲ. ತೋಟದ ಹಳೇ ಗಿಡಗಳಲ್ಲಿ ಕೆ.ಪಿ. 423 ಎಂಬ ತಳಿ ಸಾಕಷ್ಟಿತ್ತು. ಅದು ಕೆಂಟ್ ತಳಿಯಿಂದ ಆರಿಸಿ ತೆಗೆದದ್ದು. ಕೆಂಟ್ ಹುಟ್ಟಿದ್ದು ಎಲ್ಲಿ? ಹಳೇ ಮೈಸೂರು ಸೀಮೆಯ ತೋಟದಲ್ಲಿ, ನೂರು ವರ್ಷದ ಹಿಂದೆ, ಅದೇ ಹೆಸರಿನ ಇಂಗ್ಲಿಷ್ ಪ್ಲಾಂಟರನ ಕಣ್ಣಿಗೆ ಬಿದ್ದ ಗಿಡದಿಂದ. ರಾತ್ರಿ ಫೋನಿನಲ್ಲಿ ಅಪ್ಪಯ್ಯನಿಗೆ ಇದನ್ನು ಹೇಳಿದರೆ, "ಗಿಡ ನಮ್ದು, ನಾತನೂ ನಮ್ದು. ಇನ್ನೇನು ಮಾರಾಯ, ಮನೇಲೇ ಇದ್ದಂಗಾಯ್ತಲ್ಲ" ಎಂದರು.

ಆದರೆ ಅಲ್ಲಿಯ ನೀರಿನ ಲೆಕ್ಕ ನಮ್ಮ ಮಲೆನಾಡಿನದಲ್ಲ. ಕಿಲಿಮಂಜಾರೋದ ದಕ್ಷಿಣ ಇಳಿಜಾರಿನಲ್ಲಿರುವ ಚಗ್ಗಾ ಜನ ಶತಮಾನಗಳಿಂದ ಬೆಟ್ಟದ ತೊರೆಗಳಿಗೆ ಕಲ್ಲು, ಬಾಳೆದಿಂಡು, ಮಣ್ಣು ಒತ್ತಿ ಕಟ್ಟೆ ಹಾಕಿ, ಕಾಲುವೆ ತೆಗೆದು ತಂದಿದ್ದಾರೆ. ಅದಕ್ಕೆ 'ಮ್‌ಫೊಂಗೊ' ಎನ್ನುತ್ತಾರೆ. ಯಾರಿಗೆ ಯಾವ ದಿನ ನೀರು ಅನ್ನುವುದಕ್ಕೆ ಸರದಿ ಇದೆ, ಸರದಿ ನೋಡಿಕೊಳ್ಳುವ ಹಿರಿಯರಿದ್ದಾರೆ. ನಮ್ಮ ಪಲ್ಪರ್ ಮನೆಗೂ ನೀರು ಬರುತ್ತಿದ್ದದ್ದು ಅಂಥದೇ ಒಂದು ಕಾಲುವೆಯಿಂದ. ಬಳಸಿದ ನೀರು ಬೀಳುತ್ತಿದ್ದದ್ದು ತೊರೆಗೆ, ಆ ತೊರೆಯಿಂದಲೇ ಕೆಳಗಿನ ಹಳ್ಳಿಯ ಕಾಲುವೆ ಶುರು. ನಾನು ಹೋದ ಎರಡನೇ ವಾರ ಆ ಹಳ್ಳಿಯ ಹಿರಿಯರೊಬ್ಬರು ಐದು ಲೀಟರಿನ ಹಳದಿ ಕ್ಯಾನಿನಲ್ಲಿ ನೀರು ತುಂಬಿಕೊಂಡು ಬಂದು ಮೇಜಿನ ಮೇಲಿಟ್ಟರು. ಜಗಳ ಮಾಡಲಿಲ್ಲ. "ಕುಡಿದು ನೋಡಿ" ಎಂದರು, ಅಷ್ಟೇ.

ಸಂಸ್ಕರಣಾ ಘಟಕ ಕಟ್ಟಬೇಕು ಎಂದೇ ನನ್ನ ತಲೆಯಲ್ಲಿ ಮೊದಲು ಬಂದದ್ದು. ದೊಡ್ಡ ಹೊಂಡ, ಸುಣ್ಣ, ಗ್ಯಾಸ್, ಎಲ್ಲ. ಪೇಪರಿನ ಮೇಲೆ ಚಿತ್ರವನ್ನೂ ಬರೆದೆ. ದಿನಕ್ಕೆ ಎಷ್ಟು ನೀರಿಗೆ ಹೊಂಡ ಎಂದು ಬರೆಯುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಲೆಕ್ಕ ಬರೆಯುವ ರೈಟ್ರಿಗೂ ಗೊತ್ತಿಲ್ಲ, ಮೇಸ್ತ್ರಿಗೂ ಗೊತ್ತಿಲ್ಲ. ಕಾಲುವೆ ನೀರು, ಬರುತ್ತದೆ, ಹೋಗುತ್ತದೆ.

ಅಳೆಯುವುದಕ್ಕೆ ಹಳೇ ಉಪಾಯವೊಂದಿದೆ. ಒಂದು ಹಲಗೆಯಲ್ಲಿ ನಡುವೆ 90 ಡಿಗ್ರಿಗೆ ವಿ ಆಕಾರದ ಕಚ್ಚು ಕೊಯ್ದು ಕಾಲುವೆಗೆ ಅಡ್ಡ ನಿಲ್ಲಿಸಿ, ಸಂದಿಗೆ ಜೇಡಿಮಣ್ಣು ಮೆತ್ತಬೇಕು. ಹಲಗೆಯಿಂದ ಸ್ವಲ್ಪ ಹಿಂದೆ ಗೂಟ ಹೊಡೆದು, ಕಚ್ಚಿನ ಮೂಲೆಗಿಂತ ನೀರು ಎಷ್ಟು ಸೆಂಟಿಮೀಟರ್ ಮೇಲಿದೆ ಎಂದು ನೋಡಿದರೆ ಸಾಕು. 10 ಸೆಂ.ಮೀ. ಇದ್ದರೆ ಸೆಕೆಂಡಿಗೆ ಹತ್ತಿರಹತ್ತಿರ ನಾಲ್ಕೂವರೆ ಲೀಟರ್. 5 ಸೆಂ.ಮೀ.ಗೆ ಇಳಿದರೆ ಅರ್ಧವಾಗುವುದಿಲ್ಲ, ಮುಕ್ಕಾಲು ಲೀಟರಿನ ಆಸುಪಾಸಿಗೆ ಬಂದುಬಿಡುತ್ತದೆ. ಮೋಶಿಯಲ್ಲಿ 'ಫುಂಡಿ' ಎಂದರೆ ಬಡಗಿ, ವೆಲ್ಡರ್, ಗಾರೆಯವ ಎಲ್ಲರೂ. ಅಂಥ ಫುಂಡಿ ಒಬ್ಬ ಅರ್ಧ ದಿನದಲ್ಲಿ ಹಲಗೆ ಮಾಡಿಕೊಟ್ಟ. ಗೂಟದ ಪಕ್ಕ ಒಬ್ಬ ಹುಡುಗನನ್ನು ಕೂರಿಸಿ ಕಾಲು ಗಂಟೆಗೊಮ್ಮೆ ಬರೆಸಿದೆ.

ಅವನು ಬರೆದ ಪುಸ್ತಕ ನೋಡಿ ನಾಚಿಕೆಯಾಯಿತು. ಹತ್ತು ಟನ್ ಹಣ್ಣು ಬಂದ ದಿನ ಒಂಬತ್ತು ಗಂಟೆ ಹೊತ್ತು 10 ಸೆಂ.ಮೀ. ನೀರು ಹರಿದಿತ್ತು, ಅಂದರೆ 1.4 ಲಕ್ಷ ಲೀಟರ್. ಐದು ಕೆಜಿ ಹಣ್ಣಿಗೆ ಒಂದು ಕೆಜಿ ಒಣ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ, ಲೋಳೆ ತೆಗೆದು ಒಣಗಿಸಿದ ಬೀಜ, ಎಂದು ಹಿಡಿದರೆ ಕೆಜಿಗೆ 70 ಲೀಟರ್! ಅದರಲ್ಲಿ ಊಟದ ಒಂದು ಗಂಟೆಯೂ ಸೇರಿತ್ತು. ಪಲ್ಪರ್ ನಿಂತಿದೆ, ಆಳುಗಳು ಉಗಾಲಿ ತಿನ್ನುತ್ತಿದ್ದಾರೆ, ನೀರು ಮಾತ್ರ ತನ್ನ ಪಾಡಿಗೆ ತೊರೆಗೆ ಹೋಗುತ್ತಿದೆ. ಕಾಲುವೆಯ ಗೇಟು ಮೇಲೆ, ಇನ್ನೂರು ಹೆಜ್ಜೆ ದೂರ. ಊಟಕ್ಕೆ ಹೊರಟವನು ಅಲ್ಲಿವರೆಗೆ ಯಾಕೆ ಹೋಗುತ್ತಾನೆ? ಪಲ್ಪರಿನ ಪಕ್ಕದಲ್ಲೇ ಒಂದು ವಾಲ್ವ್ ಕೂರಿಸಿದೆವು. ಮೊದಲ ಉಳಿತಾಯ ಅಲ್ಲಿಂದ.

ಇದಕ್ಕೆಲ್ಲ 'ಕ್ಲೀನರ್ ಪ್ರೊಡಕ್ಷನ್' ಎಂಬ ಹೆಸರಿದೆ. ವಿಶ್ವಸಂಸ್ಥೆಯ ಕೈಗಾರಿಕೆ ನೋಡುವ ಯುನಿಡೊ, ಪರಿಸರ ನೋಡುವ ಯುನೆಪ್ ಸೇರಿ ಬೇರೆ ಬೇರೆ ದೇಶಗಳಲ್ಲಿ ಇದಕ್ಕಾಗಿ ರಾಷ್ಟ್ರೀಯ ಕೇಂದ್ರಗಳನ್ನು ಶುರು ಮಾಡಿದಾಗ ಆಫ್ರಿಕಾದಲ್ಲಿ ಮೊದಲು ಸೇರಿದ ದೇಶಗಳಲ್ಲಿ ತಾಂಜಾನಿಯಾ, ಜಿಂಬಾಬ್ವೆ ಎರಡೂ ಇದ್ದವು, 1995ರಲ್ಲಿ. ಆಮೇಲೆ ಕೆನ್ಯಾ, ಇಥಿಯೋಪಿಯಾ, ಉಗಾಂಡ. ಹೆಸರು ದೊಡ್ಡದು, ಒಳಗಿನ ಮಾತು ಸಣ್ಣದು. ಕೊಳೆಯಾದ ಮೇಲೆ ತೊಳೆಯುವುದಕ್ಕಿಂತ, ಕೊಳೆ ಎಲ್ಲಿ ಹುಟ್ಟುತ್ತದೋ ಅಲ್ಲಿ ನಿಂತು ನೋಡು.

ನಿಂತು ನೋಡಿದೆ. ಕೊಳೆ ಹುಟ್ಟುತ್ತಿದ್ದದ್ದು ಪಲ್ಪರಿನಲ್ಲಿ ಅಷ್ಟಾಗಿ ಅಲ್ಲ, ಪಲ್ಪರ್ ಆದ ಮೇಲಿನ ಚರಂಡಿಯಲ್ಲಿ. ಹಣ್ಣಿನ ತೂಕದಲ್ಲಿ ನೂರಕ್ಕೆ ನಲವತ್ತರಷ್ಟು ಬರೀ ಸಿಪ್ಪೆ. ದಿನಕ್ಕೆ ನಾಲ್ಕು ಟನ್ ಸಿಪ್ಪೆಯನ್ನು ನೀರಿನಲ್ಲಿ ತೇಲಿಸಿಕೊಂಡು ಅರವತ್ತು ಮೀಟರ್ ದೂರದ ಗುಂಡಿಗೆ ಒಯ್ಯುತ್ತಿದ್ದರು. ಒಂದು ಗಾಜಿನ ಲೋಟದಲ್ಲಿ ನೀರು ಹಾಕಿ ಹಿಡಿ ಸಿಪ್ಪೆ ಅದ್ದಿ ಇಟ್ಟೆ. ಕೆಲವೇ ನಿಮಿಷಕ್ಕೆ ನೀರು ಚಹಾದ ಬಣ್ಣಕ್ಕೆ ತಿರುಗಿತು, ನಾಲಿಗೆಗೆ ಸಿಹಿ. ಸಿಪ್ಪೆಯ ಸಕ್ಕರೆಯೆಲ್ಲ ನೀರಿಗೆ ಇಳಿಯುತ್ತದೆ. ಆ ಸಕ್ಕರೆ ಹುಳಿಯುತ್ತದೆ, ತೊರೆಯ ನೀರಿನಲ್ಲಿರುವ ಆಮ್ಲಜನಕ ತಿನ್ನುತ್ತದೆ, ಮೀನು ಸಾಯುತ್ತದೆ. ನೀರು ಸಿಪ್ಪೆಯನ್ನು ಮುಟ್ಟದಿದ್ದರೆ ಅರ್ಧಕ್ಕಿಂತ ಹೆಚ್ಚು ಕೊಳೆ ಹುಟ್ಟುವುದೇ ಇಲ್ಲ. ಆ ಲೋಟವನ್ನು ಮೇಸ್ತ್ರಿಯ ಕೈಗೆ ಕೊಟ್ಟೆ. ಆಮೇಲೆ ನಾನು ಮಾತಾಡುವ ಅಗತ್ಯ ಬೀಳಲಿಲ್ಲ.

ಪಲ್ಪರಿನ ಬಾಯಿಗೆ ತೂತು ಹೊಡೆದ ತಗಡಿನ ಇಳಿಜಾರು ಕೂರಿಸಿದೆವು. ನೀರು ತೂತಿನಲ್ಲಿ ಕೆಳಗಿಳಿದು ತೊಟ್ಟಿಗೆ, ಸಿಪ್ಪೆ ಜಾರಿ ಕೈಗಾಡಿಗೆ. ಮೊದಲ ತಗಡಿನ ತೂತು ಸಣ್ಣದಾಗಿ ಲೋಳೆ ಕಟ್ಟಿಕೊಂಡಿತು, ಎರಡನೆಯದು ಸರಿಹೋಯಿತು. ತೊಟ್ಟಿಯ ನೀರನ್ನು ಸಣ್ಣ ಪಂಪಿನಿಂದ ಮತ್ತೆ ಪಲ್ಪರಿಗೇ ಎತ್ತಿದೆವು.

ಮ್ಯಾನೇಜರ್ ಈ ಖರ್ಚಿಗೆ ಒಪ್ಪಿದ್ದು ತೊರೆಯ ಮೇಲಿನ ಕರುಣೆಯಿಂದಲ್ಲ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸೆಪ್ಟೆಂಬರಿನಲ್ಲಿ ಮಳೆ ಇರುವುದಿಲ್ಲ, ಕಾಲುವೆ ಸೊರಗುತ್ತದೆ, ನೀರಿನ ಸರದಿ ಕಡಿಮೆಯಾಗುತ್ತದೆ. ಕುಯ್ದ ಹಣ್ಣು ಪಲ್ಪ್ ಆಗದೆ ರಾತ್ರಿ ಮೂಟೆಯಲ್ಲೇ ಬಿಸಿಯಾಗಿ ಕೂರುತ್ತಿತ್ತು. ನೀರು ತಿರುಗಿಸಿ ಬಳಸಿದರೆ ಅದೇ ಕಾಲುವೆಯಲ್ಲಿ ಅಂದಿನ ಹಣ್ಣು ಅಂದೇ ಮುಗಿಯುತ್ತದೆ ಎಂದು ತೋರಿಸಿದೆ. ಬೆಳಿಗ್ಗೆ ಉಳಿದ ಮೂಟೆ ಎಣಿಸಿ ರಾತ್ರಿ ಉಳಿದದ್ದೆಷ್ಟು ಎಂದು ಪಟ್ಟಿ ಹಿಡಿದು ಹೋಗಿದ್ದೆ. ಪಂಪಿನ ಚೀಟಿಗೆ ಆ ಸಂಜೆಯೇ ಸಹಿ ಬಿತ್ತು. ಮೂರು ವಾರದಿಂದ ಪರಿಸರ ಪರಿಸರ ಎಂದು ಹೇಳಿ ಗಂಟಲು ಒಣಗಿಸಿಕೊಂಡಿದ್ದೆ.

ಇನ್ನು ನನ್ನ ದಡ್ಡತನದ ಕಥೆ. ಸಿಪ್ಪೆ ಹೋದ ಬೀಜಕ್ಕೆ ಅಂಟಿದ ಲೋಳೆ ಬಿಡಲಿ ಎಂದು ಅದನ್ನು ಬೇರೆ ತೊಟ್ಟಿಯಲ್ಲಿ ಹುದುಗಿಸುತ್ತಾರೆ. ತಿರುಗಿಸಿದ ನೀರಿನಲ್ಲಿ ಹುದುಗು ಬೇಗ ಬರುತ್ತಿತ್ತು, ಲೋಳೆ ಬೇಗ ಬಿಡುತ್ತಿತ್ತು. ಅದನ್ನು ಕಂಡು ಉಬ್ಬಿಹೋದೆ. ಒಂದು ದಿನಕ್ಕೆ ಇಷ್ಟು ಉಳಿದರೆ ಎರಡು ದಿನಕ್ಕೆ? ಒಂದು ಶನಿವಾರ ನೀರಿನ ತೊಟ್ಟಿ ಖಾಲಿ ಮಾಡಿಸದೆ ಅದೇ ನೀರನ್ನು ಸೋಮವಾರವೂ ಓಡಿಸಿದೆ. ಸೋಮವಾರ ನೀರಿನ ಮೇಲೆ ಬುರುಗು ನಿಂತಿತ್ತು, ಹುಳಿ ಮೀರಿ ಬೇರೆ ಏನೋ ನಾತ. ಮೇಸ್ತ್ರಿ ಮುಖ ಸಿಂಡರಿಸಿದ. ನಾನು ಕೇಳಿಸಿಕೊಳ್ಳಲಿಲ್ಲ. ಆ ಲಾಟಿನ ಸ್ಯಾಂಪಲ್ ಮೋಶಿಗೆ ರುಚಿ ನೋಡಲು ಹೋದಾಗ, ನೋಡಿದವರು ಚಮಚೆ ಕೆಳಗಿಟ್ಟು ಒಂದೇ ಮಾತು ಹೇಳಿದರು: "ಈರುಳ್ಳಿ". ಕಣ್ಣಿಗೆ ಬೀಜ ಚೆನ್ನಾಗಿಯೇ ಇತ್ತು. ಕೊಳಕು ನೀರಿನಿಂದ ಬರುವ ಆ ದೋಷ ಪೂರ್ವ ಆಫ್ರಿಕಾದವರಿಗೆ ಚಿರಪರಿಚಿತ. ಹುರಿದು ಕುದಿಸಿದ ಮೇಲೇ ಗೊತ್ತಾಗುವುದು. ಇಡೀ ಲಾಟು ಕೆಳಗಿನ ದರ್ಜೆಗೆ ಹೋಯಿತು. ಅವತ್ತಿನಿಂದ ಸಂಜೆ ಪಲ್ಪರ್ ನಿಂತ ಮೇಲೆ ತೊಟ್ಟಿ ಬರಿದು ಮಾಡಿ, ತಗಡು ಉಜ್ಜಿ, ಅದು ಆಗಿದೆಯೆಂದು ಮೇಸ್ತ್ರಿ ನೋಡಿ ಹೇಳಿದ ಮೇಲೇ ನಾನು ಮನೆಗೆ ಹೊರಡುವುದು. ಕೊನೆಯ ತೊಳೆತಕ್ಕೂ ನೆನೆಹಾಕುವುದಕ್ಕೂ ಹೊಸ ನೀರೇ. ಅಲ್ಲಿ ಜಿಪುಣತನ ಮಾಡಬಾರದು.

ಲೋಳೆ ಬಿಟ್ಟ ಬೀಜ ತೊಳೆಯುವುದರಲ್ಲಿ ಮಾಡಿದ್ದು ಇಷ್ಟು. ಉದ್ದ ಕಾಲುವೆಯಲ್ಲಿ ನೀರು ಬಿಟ್ಟುಕೊಂಡೇ ಗೋರುವ ಬದಲು ತೊಟ್ಟಿಯಲ್ಲೇ ನೀರು ನಿಲ್ಲಿಸಿ, ಕಲಕಿ, ಬಿಟ್ಟು, ಎರಡು ಸಲ. ಮುಂದಿನ ವರ್ಷದ ಕುಯ್ಲಿನಲ್ಲಿ ಕೆಜಿ ಹಣ್ಣಿಗೆ ನಾಲ್ಕು ಲೀಟರಿಗೆ ಬಂದೆವು, ಮೊದಲಿದ್ದದ್ದು ಹದಿನಾಲ್ಕು, ಪಾರ್ಚ್‌ಮೆಂಟ್ ಲೆಕ್ಕದ ಆ 70 ಅದೇ. ಲೋಳೆ ತೆಗೆಯುವ ಹೊಸ ಕೊಲಂಬಿಯಾ ಯಂತ್ರಗಳು ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ಮುಗಿಸುತ್ತವೆ. ಅದು ಕೊಳ್ಳುವ ಮಾತು ನಮ್ಮಲ್ಲಿ ಏಳಲಿಲ್ಲ.

ಉಳಿದ ನೀರು ಕಡಿಮೆಯಾದರೂ ಗಟ್ಟಿ. ಪಿಎಚ್ ಕಾಗದ ಅದ್ದಿದರೆ 4, ಅಂದರೆ ಚೆನ್ನಾಗಿ ಹುಳಿ. ಹೊಂಡಕ್ಕೆ ಬಿಟ್ಟು ಎರಡು ದಿನ ಇಟ್ಟರೆ ಮೇಲೆ ದಪ್ಪ ಕೆನೆ ಕಟ್ಟುತ್ತದೆ. ಮೇಲುಗಡೆ ಕರಿ, ಒಳಗೆ ಲೋಳೆ. ಹುಳಿಗೆ ಪೆಕ್ಟಿನ್ ಹೆಪ್ಪುಗಟ್ಟಿ ತೇಲುವುದು ಅದು. ಅದನ್ನು ಸಲಿಕೆಯಲ್ಲಿ ತೆಗೆದು ಗೊಬ್ಬರದ ರಾಶಿಗೆ ಹಾಕಿ, ಕೆಳಗಿನ ನೀರಿಗೆ ಸುಣ್ಣ ಕಲಸಿದೆವು. ಆಗ ನಾನು ಎಣಿಸದೇ ಇದ್ದದ್ದು ಒಂದು ನಡೆಯಿತು. ಹುಳಿ ಮುರಿಯುತ್ತಿದ್ದಂತೆ ಕಂದು ನೀರು ಹಸಿರುಗಪ್ಪಾಗಿ, ಆಮೇಲೆ ಪೂರಾ ಕಪ್ಪಾಯಿತು. ಸಿಪ್ಪೆಯ ಬಣ್ಣದ ಅಂಶಗಳು ಸುಣ್ಣಕ್ಕೆ ಹಾಗೆ ತಿರುಗುತ್ತವೆ, ನಾತ ಇಲ್ಲ, ಹುಳಿ ಇಲ್ಲ. ಆದರೆ ನೋಡಿದವರಿಗೆ ಮೊದಲಿಗಿಂತ ಭಯಂಕರ. ಮೂರೇ ದಿನಕ್ಕೆ ಆ ಹಿರಿಯರು ಮತ್ತೆ ಬಂದರು, ಈ ಸಲ ನಾಲ್ಕು ಜನರ ಜತೆ. "ಮೊದಲು ಕೊಳೆ ಬಿಡುತ್ತಿದ್ದಿರಿ, ಈಗ ವಿಷ ಬಿಡುತ್ತಿದ್ದೀರಿ" ಎಂದರು. ಅವರ ತಪ್ಪಲ್ಲ. ಮೊದಲೇ ಕರೆದು ತೋರಿಸಬೇಕಿತ್ತು. ಕಪ್ಪು ನೀರನ್ನು ತೊರೆಗೆ ಬಿಡುವುದನ್ನೇ ನಿಲ್ಲಿಸಿ, ನೇಪಿಯರ್ ಹುಲ್ಲು ಹಾಕಿದ ಇಳಿಜಾರಿಗೆ ಸಣ್ಣ ಸಣ್ಣ ಅಡ್ಡಗಾಲುವೆ ತೋಡಿ ಇಂಗಿಸಿದೆವು. ಹುಲ್ಲು ಯಾರು ಬೇಕಾದರೂ ಕುಯ್ದುಕೊಳ್ಳಲಿ ಎಂದೆವು. ಚಗ್ಗಾ ಮನೆಗಳಲ್ಲಿ ಹಸು ಕೊಟ್ಟಿಗೆಯಲ್ಲೇ ಕಟ್ಟಿರುತ್ತದೆ, ಹುಲ್ಲು ಹೊತ್ತು ತರುವುದೇ ಹೆಂಗಸರ ಪಾಡು. ಆ ಇಳಿಜಾರಿನಲ್ಲಿ ಬೆಳೆದ ಹುಲ್ಲು ನಿಂತು ಒಣಗಿದ್ದನ್ನು ನಾನು ನೋಡಲಿಲ್ಲ.

ಸಿಪ್ಪೆಯನ್ನು ಸಗಣಿ, ಬೂದಿ ಸೇರಿಸಿ ರಾಶಿ ಹಾಕಿ ಹದಿನೈದು ದಿನಕ್ಕೊಮ್ಮೆ ಮಗುಚಿ ಗೊಬ್ಬರ ಮಾಡಿದೆವು. ನೊಣ ಬಂತು, ಮೇಲೆ ಮಣ್ಣು ಹೊದಿಸಿದೆವು. ಅದರಲ್ಲಿ ಹೇಳುವಂಥದ್ದು ಬೇರೇನಿಲ್ಲ, ಊರಿನಲ್ಲಿ ಎಲ್ಲರೂ ಮಾಡುವುದೇ.

2013ರಲ್ಲಿ ಕೆಳಗಿನ ಹಳ್ಳಿಯ ರೈತರು ಸೇರಿ ನಡೆಸುವ ಪಲ್ಪಿಂಗ್ ಘಟಕದವರು ನೋಡಲು ಬಂದರು. ಪಂಪು, ತೊಟ್ಟಿ ಎಲ್ಲ ವಿವರಿಸಿದೆ, ತಲೆಯಾಡಿಸಿದರು. ಅವರು ಊರಿಗೆ ಒಯ್ದದ್ದು ಎರಡೇ: ಕೈಗಾಡಿ ಮತ್ತು ಹಲಗೆ. ತಿಂಗಳ ಮೇಲೆ ನಾನೇ ಇಳಿದು ನೋಡಲು ಹೋದರೆ, ಅವರ ಫುಂಡಿ ವಿ ಕಚ್ಚಿನ ಬದಲು ಚೌಕ ಕಚ್ಚು ಕೊಯ್ದಿದ್ದ. ಅದೇ ಸುಲಭವಂತೆ. ಎಷ್ಟು ಸೆಂಟಿಮೀಟರಿಗೆ ಎಷ್ಟು ಲೀಟರ್ ಎಂದು ನಾನು ಕೊಟ್ಟ ಪಟ್ಟಿ ಅದಕ್ಕೆ ಹೊಂದುವುದೇ ಇಲ್ಲ. ಆದರೂ ಒಬ್ಬಾಕೆ ದಿನವೂ ನಿಷ್ಠೆಯಿಂದ ಬರೆದಿಟ್ಟಿದ್ದಳು. ಹಲಗೆ ಬದಲಿಸಿ ಅನ್ನಲು ಮನಸ್ಸಾಗಲಿಲ್ಲ. ಅಲ್ಲೇ ಗೋಣಿಚೀಲದ ಮೇಲೆ ಕೂತು, ಖಾಲಿ ತೊಟ್ಟಿ ತುಂಬಲು ಎಷ್ಟು ನಿಮಿಷ ಎಂದು ಗಡಿಯಾರ ಹಿಡಿದು, ಚೌಕ ಕಚ್ಚಿಗೆ ಹೊಸ ಪಟ್ಟಿ ಬರೆಯಲು ಶುರು ಮಾಡಿದೆವು. ಸಂಜೆಯಾಯಿತು. ಆಕೆ ಸೆಂಟಿಮೀಟರ್ ಕೂಗುತ್ತಿದ್ದಳು, ನಾನು ಲೀಟರ್ ಬರೆಯುತ್ತಿದ್ದೆ.